ಬಸವಮ್ಮನ ಕತೆಗೆ ಯಾರದೋ ಹೂಂ

ಒಂಟಿಕೊಪ್ಪಲಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಬಸವಮ್ಮ ಮುದ್ದೆ ತೊಳಸುವವಳು. ಕಾಡಂಚಿನ ಜೇನುಕುರುಬರ ಹಾಡಿಯಿಂದ, ಗಂಡನ ಗಾರೆ ಕೆಲಸದ ಬೆನ್ನಿಗೆ ಮೈಸೂರಿಗೆ ಬಂದವಳು. ಅವನು ತೀರಿಕೊಂಡ ಮೇಲೆ ಮೊಮ್ಮಗಳು ಸಿಂಚನಳೊಂದಿಗೆ ಹಾಸ್ಟೆಲಿನ ಹಿಂದಿನ ಕೋಣೆಯಲ್ಲಿದ್ದಾಳೆ. ಯಾರನ್ನೂ ಬೇಗ ನಂಬುವುದಿಲ್ಲ. ತರಕಾರಿಯವನು ತೂಗುವಾಗ ತಕ್ಕಡಿಯನ್ನಲ್ಲ, ಅವನ ಮುಖವನ್ನು ನೋಡುತ್ತಾಳೆ.

ಅದೇ ಹಾಸ್ಟೆಲಿನಲ್ಲಿದ್ದು ಆದಿವಾಸಿ ಕತೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಧರಣಿಗೆ ಬಸವಮ್ಮ ಅದೇಕೋ ಒಂದು ಮಧ್ಯಾಹ್ನ ಹೆಜ್ಜೇನಿನ ಕತೆ ಹೇಳಲು ಕೂತಳು. ಅದು ಅವಳಿಗೆ ಅವಳ ಅವ್ವ ಹೇಳಿದ್ದ ಕತೆ. ಅವರ ಹಾಡಿಯಲ್ಲಿ ಜೇನಿಗೆಂದು ಮರ ಹತ್ತಿದವನು ಮೇಲಿಂದ ಕೂಗುತ್ತಾನೆ, ಕೆಳಗೆ ಹಗ್ಗ ಹಿಡಿದ ಬಾಮೈದ ಹೂಂಗುಟ್ಟುತ್ತಾನೆ. ಗುರುತಿನ ದನಿ ಕೇಳದೆ ಯಾರೂ ಇಳಿಯುವುದಿಲ್ಲ. ಕತೆಯೂ ಹಾಗೆಯೇ, ಎದುರಿಗಿದ್ದವರು ಹೂಂ ಅಂದರೇ ಮುಂದಕ್ಕೆ. ರೆಕಾರ್ಡಿಂಗ್ ಕೆಡಬಾರದೆಂದು ಧರಣಿ ಬರೀ ತಲೆಯಾಡಿಸಿದಳು. ಮರದ ಮೇಲಿದ್ದವನು ಕೆಳಕ್ಕೆ ಕೂಗುವಲ್ಲಿಗೆ ಬಸವಮ್ಮ ನಿಲ್ಲಿಸಿಬಿಟ್ಟಳು. "ಉಳಿದದ್ದು ಇನ್ನೊಂದಿನ."

ಮುಂದಿನ ವಾರ ಧರಣಿ, ಆ ಕತೆಗೆ ಚಿತ್ರ ಕೂಡಿಸಿ ಅಂತರ್ಜಾಲಕ್ಕೆ ಹಾಕಲೆಂದು ಗೆಳೆಯರೊಂದಿಗೆ ಮಾಡಿದ ವಿಡಿಯೋವನ್ನು ಮೊಬೈಲಿನಲ್ಲಿ ತೋರಿಸಿದಳು. ಬಿಡಿಸಿದ ಮರ ಅಲುಗಿತು, ಹೊಗೆ ಎದ್ದಿತು, ಬಸವಮ್ಮನ ಮಾತು ಕೇಳಿಸಿತು. ನಡುವೆ ಒಂದು ಗಂಡು ದನಿ: ಹೂಂ.

ಬಸವಮ್ಮ ಕಾಫಿ ಲೋಟ ಕೆಳಗಿಟ್ಟಳು. "ಯಾರವ್ನು?"

"ಅಭಿಲಾಷ್ ಅಂತ ಅಜ್ಜಿ, ನಮಗೆ ಸೌಂಡ್ ಮಾಡಿಕೊಡೋರು. ನಾನು ಸುಮ್ನಿದ್ದೆನಲ್ಲ, ಖಾಲಿ ಖಾಲಿ ಅನ್ನಿಸ್ತು. ಆಮೇಲೆ ಸೇರಿಸಿದ್ವಿ."

"ನಾ ಹೇಳ್ವಾಗ ಎಲ್ಲಿದ್ದ?"

"ಇರ್ಲಿಲ್ಲ."

"ಇಲ್ದೋನು ಎಂಗವ್ವ ಹೂಂ ಅಂದ?"

ಪಕ್ಕದಲ್ಲಿ ಕೂತು ನೋಡುತ್ತಿದ್ದ ಸಿಂಚನ ನಕ್ಕಳು. "ಬರೀ ಹೂಂ ಕಣಜ್ಜಿ. ನಿನ್ನ ಆಸ್ತಿ ಏನೂ ಬರೆಸ್ಕೊಂಡಿಲ್ಲ."

"ನೀ ಸುಮ್ಕಿರು. ಹಗ್ಗ ಯಾವನ ಕೈಗೋ ಕೊಟ್ಬುಟ್ಟು ಹಲ್ಲು ಬಿಡ್ತಾಳೆ."

ಧರಣಿ ಅವಳೆದುರೇ ಆ ದನಿಯನ್ನು ತೆಗೆದುಹಾಕಿದಳು. ಉಳಿದ ಕತೆಯಿಲ್ಲದೆ ತನ್ನ ಅಧ್ಯಾಯ ಮುಗಿಯುವುದಿಲ್ಲ ಎಂದಳು. "ಈ ಸಲ ಸಿಂಚನಾನೇ ಹೂಂ ಅನ್ಲಿ ಅಜ್ಜಿ."

ಬಸವಮ್ಮ ಮೊಮ್ಮಗಳನ್ನು ನೋಡಿದಳು, ಮೊಬೈಲನ್ನೂ ನೋಡಿದಳು. "ಇವ್ಳ ಹೂಂ ಅದ್ರೊಳಕ್ಕೆ ಹೋದ್ಮೇಲೆ, ಕಿತ್ತು ಇನ್ಯಾರ ಕತೆಗೋ ಅಂಟಿಸ್ಬುಟ್ರೆ?"

"ಹಾಗೆಲ್ಲ ಮಾಡಲ್ಲ ಅಜ್ಜಿ."

"ಮಾಡಕ್ಕಾಯ್ತದೋ ಇಲ್ವೋ, ಅದೇಳು."

ಧರಣಿ ಸುಳ್ಳು ಹೇಳಲಿಲ್ಲ. "ಆಗುತ್ತೆ."

ಬಸವಮ್ಮ ಎದ್ದು ಒಲೆಯ ಕಡೆಗೆ ಹೋದಳು. ಆಗಲೇ ಹೇಳಿದ್ದನ್ನು ಬೇಕಾದರೆ ಹಾಕಿಕೋ ಎಂದಳು, ಅಷ್ಟೇ.

ಅರ್ಧ ಕತೆಯೇ ಅಂತರ್ಜಾಲಕ್ಕೆ ಹೋಯಿತು. ಬಸವಮ್ಮ ಹೂಂ ಎನ್ನುವವರಿಗಾಗಿ ಕಾದ ಕಡೆಗಳಲ್ಲೆಲ್ಲ ಈಗ ಗಾಳಿಯ ಸದ್ದೂ ಇಲ್ಲ. ಜನ ಕೇಳುತ್ತಿದ್ದಾರೆ. ಅವರು ಬರೆದ ಕಾಮೆಂಟುಗಳನ್ನು ಸಿಂಚನ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ ಹೇಳುತ್ತಾಳೆ.

"ಮರದ ಮೇಲಿದ್ದೋನು ಇಳಿದ್ನಾ ಅಂತ ಕೇಳ್ತಾವ್ರೆ ಅಜ್ಜಿ."

"ಯಾರು? ಯಾವೂರೋರು?"

"ಗೊತ್ತಿಲ್ಲ. ಹೆಸರಿಲ್ಲ, ಹೂವಿನ ಫೋಟೋ ಹಾಕ್ಕೊಂಡವ್ರೆ."

ಬಸವಮ್ಮ ಕೈ ಒದ್ದೆ ಮಾಡಿಕೊಂಡು ಬಿಸಿ ಮುದ್ದೆ ಉರುಳಿಸಿದಳು.

"ಮೇಲೇ ಇರ್ಲಿ ಬುಡು."