ಕೆಂಚಪ್ಪನ ಬಲಗೈ

1959ರಿಂದ ಎಂಟು ವರ್ಷ ನಾನು ಹೆತ್ತೂರಿನ ಆಚೆಗಿನ ಒಂದು ಕಾಫಿ ಎಸ್ಟೇಟಿನ ಡಿಸ್ಪೆನ್ಸರಿಯಲ್ಲಿ ಕಂಪೌಂಡರ್ ಆಗಿದ್ದೆ. ಕಂಪೌಂಡರ್ ಎಂದರೆ ಡಾಕ್ಟರು ಬರೆದ ಔಷಧಿಯನ್ನು ಕಲಸಿ ಕೊಡುವವನು. ನಮ್ಮಲ್ಲಿಗೆ ಡಾಕ್ಟರು ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಅದೂ ಜೀಪಿಗೆ ಮನಸ್ಸು ಬಂದರೆ. ಉಳಿದ ದಿನ ಜ್ವರ, ಭೇದಿ, ಜಿಗಣೆ ಕಚ್ಚಿ ಕೀವಾದ ಕಾಲು, ಕತ್ತಿ ತಾಗಿದ ಬೆರಳು ಎಲ್ಲಕ್ಕೂ ನಾನೇ. ಮೂಳೆ ಮುರಿದರೆ ಅಥವಾ ಕೀಲು ತಪ್ಪಿದರೆ ಮಾತ್ರ ನಾನು ಕೈಹಾಕುವಂತಿರಲಿಲ್ಲ. ಚೀಟಿ ಬರೆದು ಸಕಲೇಶಪುರದ ಆಸ್ಪತ್ರೆಗೆ ಕಳಿಸಬೇಕು ಎಂಬುದು ನಿಯಮ.

ಆಗ ನನಗೆ ಇಪ್ಪತ್ತಾರು, ಮದುವೆಯಾಗಿರಲಿಲ್ಲ. ಊರು ಮಂಗಳೂರಿನ ಹತ್ತಿರ, ಮನೆಮಾತು ಕೊಂಕಣಿ. ಎಸ್ಟೇಟಿನಲ್ಲಿ ಆ ಭಾಷೆ ಬಲ್ಲವರು ಒಬ್ಬರೂ ಇರಲಿಲ್ಲ. ಸಂಜೆ ಒಬ್ಬನೇ ಕೂತು ಜಪಮಾಲೆ ಹೇಳುವಾಗಷ್ಟೇ ನನ್ನ ಮಾತು ನನ್ನ ಕಿವಿಗೆ ಬೀಳುತ್ತಿತ್ತು. ಎರಡು ತಿಂಗಳಿಗೊಮ್ಮೆ ಫಾದರ್ ಬಂದು ಪಕ್ಕದ ಎಸ್ಟೇಟಿನ ಕಾಫಿ ಸ್ಟೋರಿನಲ್ಲಿ ನಾಲ್ಕೈದು ಕ್ರೈಸ್ತ ಕುಟುಂಬಗಳಿಗೆ ಬಲಿಪೂಜೆ ಅರ್ಪಿಸುತ್ತಿದ್ದರು. ಅದೊಂದು ಬೆಳಿಗ್ಗೆಗಾಗಿ ನಾನು ಅರವತ್ತು ದಿನ ಕಾಯುತ್ತಿದ್ದೆ.

ಎಸ್ಟೇಟಿನಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆಯೊಂದು ನನ್ನ ಕೈಯಲ್ಲಿತ್ತು. ನನ್ನಪ್ಪ ಗೇಣಿ ಗದ್ದೆ ಉಳುತ್ತಿದ್ದವರು, ಮೂಳೆ ಕೂರಿಸುವುದರಲ್ಲಿ ಸುತ್ತಮುತ್ತ ಹೆಸರಾದವರು. ಅವರ ಜೊತೆಗಿದ್ದು ಇಪ್ಪತ್ತು ತುಂಬುವುದರೊಳಗೆ ನಾನೂ ಕಲಿತಿದ್ದೆ. "ನಿನ್ನ ಕೈ ನನಗಿಂತ ಹಗುರ, ಇದು ದೇವರು ಕೊಟ್ಟದ್ದು" ಎನ್ನುತ್ತಿದ್ದರು. ಕಂಪೌಂಡರ್ ತರಬೇತಿಯಲ್ಲಿದ್ದಾಗ ಒಮ್ಮೆ ವಾರ್ಡಿನ ಜವಾನನ ಕೀಲು ತಪ್ಪಿದ ಹೆಬ್ಬೆರಳನ್ನು ಕೂರಿಸಿಬಿಟ್ಟೆ. ಅದನ್ನು ಕಂಡ ಡಾಕ್ಟರು ಎಲ್ಲರೆದುರು, "ಇದು ಆಸ್ಪತ್ರೆ ಕಣಯ್ಯಾ, ನಿಮ್ಮಪ್ಪನ ಕೊಟ್ಟಿಗೆ ಅಲ್ಲ" ಎಂದರು. ಎಲ್ಲರೂ ನಕ್ಕರು. ನಾಚಿಕೆಗೇಡು ಎಂದರೆ, ನಾನೂ ಅವರ ಜೊತೆ ಸೇರಿ ಅಪ್ಪನ ವಿದ್ಯೆಗೆ ನಕ್ಕೆ. ಇನ್ನು ಆ ಕೆಲಸಕ್ಕೆ ಕೈಹಾಕುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

1960ರ ಜೂನ್ ಮೊದಲ ವಾರ. ಆ ವರ್ಷ ಮರಗಸಿ ತಡವಾಗಿತ್ತು. ಮರಗಸಿ ಎಂದರೆ ಕಾಫಿ ಗಿಡಗಳಿಗೆ ಬೆಳಕು ಬೀಳಲೆಂದು ನೆರಳು ಮರದ ರೆಂಬೆಗಳನ್ನು ಕಡಿಯುವ ಕೆಲಸ. ಮಳೆ ಹಿಡಿಯುವ ಮುನ್ನ ಮುಗಿಯಬೇಕು. ಮುಗಿದಿರಲಿಲ್ಲವಾದ್ದರಿಂದ ಒದ್ದೆ ಮರಕ್ಕೇ ಆಳು ಹತ್ತಿಸಿದರು. ನೆರಳಿಗೆ ಬೆಳೆಸಿದ ಹಾಲುವಾಣದ ರೆಂಬೆ ಮೊದಲೇ ಪೆಡಸು, ಲಟಕ್ಕನೆ ಮುರಿಯುತ್ತದೆ. ಆಲೂರು ಕಡೆಯಿಂದ ಬಂದಿದ್ದ ಕೆಂಚಪ್ಪ ಎಂಬ ಮರ ಹತ್ತುವವನು ಬೆಳಿಗ್ಗೆ ಹತ್ತರ ಹೊತ್ತಿಗೆ ರೆಂಬೆಯ ಸಮೇತ ಬಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಂಜೇಗೌಡರು ಇನ್ನಿಬ್ಬರ ಜೊತೆ ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು.

ನೋಡಿದ ಕೂಡಲೇ ಗೊತ್ತಾಯಿತು. ಬಲಭುಜದ ಗುಂಡು ಇರಬೇಕಾದಲ್ಲಿ ತಗ್ಗಾಗಿತ್ತು, ಮೂಳೆಯ ತಲೆ ಜಾರಿ ಕಂಕುಳಿಗೆ ಬಂದಿತ್ತು. ಮುರಿದ ಗುರುತು ಎಲ್ಲೂ ಇರಲಿಲ್ಲ. ಅಪ್ಪನಾಗಿದ್ದರೆ ಅವನನ್ನು ಚಾಪೆಯ ಮೇಲೆ ಮಲಗಿಸಿ, ಮನೆಯ ಸುದ್ದಿ ವಿಚಾರಿಸುತ್ತಾ ವಿಚಾರಿಸುತ್ತಾ ಕೂರಿಸಿಬಿಡುತ್ತಿದ್ದರು. ನನ್ನ ಎರಡೂ ಕೈಗೆ ಆ ದಾರಿ ಗೊತ್ತಿತ್ತು.

"ಬೆರಳು ಇಲ್ವೇನೋ ಅನ್ನಂಗೈತೆ ಕಂಪೌಂಡ್ರೇ" ಎಂದ ಕೆಂಚಪ್ಪ. ಕೀಲು ನರವನ್ನು ಅದುಮಿದರೆ ಹಾಗಾಗುತ್ತದೆ. ತಡಮಾಡಬಾರದು ಎಂಬುದಕ್ಕೆ ಅದೇ ಲಕ್ಷಣ.

ನಾನು ಕೈಯನ್ನು ಎದೆಗೆ ಸೇರಿಸಿ ಪಟ್ಟಿ ಕಟ್ಟಿದೆ. ನೋವಿಗೆ ಎ.ಪಿ.ಸಿ. ಮಾತ್ರೆ ಕೊಟ್ಟು ಚೀಟಿ ಬರೆದೆ. ಜೀಪು ಹೊರಟು ಒಂದು ಗಂಟೆಯಲ್ಲೇ ವಾಪಸು ಬಂತು. ಧರೆ ಕುಸಿದು ರಸ್ತೆ ಮುಚ್ಚಿತ್ತು.

"ಇಲ್ಲೇ ಏನಾರ ಮಾಡಕ್ಕಾಯ್ತದಾ ನೋಡಿ ಮಾರಾಯ್ರೆ" ಎಂದರು ಮಂಜೇಗೌಡರು.

"ಅದು ಡಾಕ್ಟರ ಕೆಲಸ ಗೌಡ್ರೇ, ನನಗೆ ಬರೋದಿಲ್ಲ" ಎಂದೆ. ನಿಯಮ ಮುರಿಯಬಾರದು ಎಂದಿದ್ದರೆ ಅದು ನಿಜವಾದರೂ ಆಗುತ್ತಿತ್ತು. ಬರೋದಿಲ್ಲ ಎಂದೆ.

ಕೆಂಚಪ್ಪ ಮೂರು ದಿನ ಡಿಸ್ಪೆನ್ಸರಿಯ ಬೆಂಚಿನ ಮೇಲೆ ಮಲಗಿದ್ದ. ಮೊದಲ ದಿನ, ನಾಳೆ ರಸ್ತೆ ಬಿಡುತ್ತದೆ ಎಂದುಕೊಂಡೆ. ಎರಡನೇ ದಿನ, ಊತ ಬಂದಿದೆ, ಈಗ ಮುಟ್ಟಿ ಏನಾದರೂ ಆದರೆ ಕೆಲಸ ಹೋಗುತ್ತದೆ ಎಂದುಕೊಂಡೆ. ಮೂರನೇ ದಿನ ನಿಜಕ್ಕೂ ನನ್ನ ಕೈ ಮೀರಿತ್ತು. ಅಷ್ಟು ಹೊತ್ತೂ ನಾವಿಬ್ಬರೇ. ಅವನು ಹೆಂಡತಿಯ ಬಗ್ಗೆ, ತನ್ನೂರಿನ ಬಗ್ಗೆ ಹೇಳುತ್ತಿದ್ದ. ಈ ಎಸ್ಟೇಟಿಗೆ ಬಂದ ಮೇಲೆ ಒಬ್ಬ ಮನುಷ್ಯ ನನ್ನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. "ನೀವು ಒಳ್ಳೇರು ಕಣ್ರೀ" ಎಂದು ಅವನು ಎರಡು ಸಲ ಹೇಳಿದ. ನಾನು ಎದ್ದು ಹೋಗಿ ಬಾಟಲಿ ತೊಳೆದೆ.

ನಾಲ್ಕನೇ ದಿನ ಆಸ್ಪತ್ರೆಗೆ ಸೇರಿಸಿದರು. ಕ್ಲೋರೋಫಾರಂ ಕೊಟ್ಟು ಕೀಲನ್ನೇನೋ ಕೂರಿಸಿದರು. ಕೈಗೆ ಮಾತ್ರ ಜೀವ ಬರಲಿಲ್ಲ. ತಿಂಗಳ ಮೇಲೆ ಅವನು ತಿರುಗಿ ಬಂದಾಗ ಬಲಗೈ ಜೋತುಬಿದ್ದಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ರಸ್ತೆ ಕುಸಿದಿತ್ತು, ಕಂಪೌಂಡರಿಗೆ ಬರುತ್ತಿರಲಿಲ್ಲ, ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಅಪ್ಪನಿಗೆ ಕಾಗದ ಬರೆಯಲು ಕೂತರೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಆಗಸ್ಟಿನಲ್ಲಿ ಫಾದರ್ ಬಂದಾಗ, ಸ್ಟೋರಿನ ಮೂಟೆಗಳ ಪಕ್ಕ ಮಂಡಿಯೂರಿ ಪಾಪನಿವೇದನೆ ಮಾಡಿದೆ. ಅವರು ಕೇಳಿದರು:

"ನಿನಗೆ ಖಂಡಿತ ಬರುತ್ತಿತ್ತಾ?"

"ಬರುತ್ತಿತ್ತು, ಫಾದರ್."

"ಹಾಗಾದರೆ ಪ್ರಾರ್ಥನೆ ಹೇಳಿ ಎದ್ದು ಹೋಗುವಂಥದ್ದಲ್ಲ ಇದು. ಮೊದಲು ಅವನ ಹತ್ತಿರ ಹೋಗು."

ನಾನು ಹೋಗುವಷ್ಟರಲ್ಲಿ ಡಿಸೆಂಬರ್ ಬಂತು. ಆಗ ಕೆಂಚಪ್ಪನನ್ನು ಕಾಫಿ ಒಣಗಿಸುವ ಕಣದಲ್ಲಿ ದನ ಕೋಳಿ ಓಡಿಸಲು ಕೂರಿಸಿದ್ದರು. ಎಂಥ ಮರಕ್ಕಾದರೂ ಸರಸರನೆ ಹತ್ತುತ್ತಿದ್ದ ಆಳು, ಎಡಗೈಯಲ್ಲಿ ಕೋಲು ಹಿಡಿದು ಬಿಸಿಲಲ್ಲಿ ಒಬ್ಬನೇ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಕೂರು ಎಂದು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅಪ್ಪನ ವಿದ್ಯೆ, ಡಾಕ್ಟರ ಮಾತು, ಆ ಮೂರು ದಿನ, ಯಾವುದನ್ನೂ ಬಿಡಲಿಲ್ಲ.

ಅವನು ಕಣದ ಕಡೆ ನೋಡುತ್ತಾ ಕೇಳಿದ, "ಈಗ ಏನಾರ ಮಾಡಕ್ಕಾಯ್ತದಾ?"

"ಇಲ್ಲ ಕೆಂಚಪ್ಪ."

"ಮತ್ತ್ ಯಾಕೆ ಹೇಳಿದ್ರಿ?" ಸಿಟ್ಟಿರಲಿಲ್ಲ ಅವನ ದನಿಯಲ್ಲಿ. "ದೇವ್ರು ಮಾಡ್ದ ಅಂತ ಸುಮ್ಕಾಗ್ಬುಟ್ಟಿದ್ದೆ ಸ್ವಾಮಿ. ದೇವ್ರ ಮ್ಯಾಲೆ ಎಷ್ಟ್ ದಿನಾ ಅಂತ ಸಿಟ್ಟು ಮಾಡ್ಕಳಕ್ಕಾಯ್ತದೆ? ಈಗ ನಿಮ್ಮ ಮುಖ ಕಂಡಾಗೆಲ್ಲಾ ನೆಪ್ಪಾಯ್ತದಲ್ಲ."

ಕ್ಷಮಿಸು ಎಂದೆ. ಅವನು ಕಾಫಿಗೆ ಬಾಯಿ ಹಾಕಲು ಬಂದ ಹಸುವನ್ನು ಓಡಿಸಲು ಎದ್ದು ಹೋದ.

ಮಾರನೆಯ ವಾರವೇ ಎಸ್ಟೇಟಿನ ಮ್ಯಾನೇಜರಿಗೂ ಬರುವ ಡಾಕ್ಟರಿಗೂ ನನಗೆ ಈ ವಿದ್ಯೆ ಬರುತ್ತದೆ ಎಂದು ತಿಳಿಸಿದೆ. ಡಾಕ್ಟರು ಎರಡು ಸಲ ಎದುರಿಗೇ ನಿಂತು ನನ್ನ ಕೆಲಸ ನೋಡಿ, ಆಸ್ಪತ್ರೆ ತಲುಪಲಾಗದ ಹೊತ್ತಿನಲ್ಲಿ ಮಾಡು ಎಂದು ಒಪ್ಪಿಗೆ ಕೊಟ್ಟರು. ಹೆತ್ತೂರಿನಿಂದ, ಬೆಳಗೋಡಿನಿಂದ ಕೂಡ ಜನ ಬರತೊಡಗಿದರು. ಅವರ ಭುಜ, ಮೊಣಕೈ, ಪಾದದ ಕೀಲು ಹಿಡಿದಾಗಲೆಲ್ಲ ಅಪ್ಪನಂತೆಯೇ ಮನೆಯ ಸುದ್ದಿ ವಿಚಾರಿಸುತ್ತಿದ್ದೆ.

ಕೆಂಚಪ್ಪ ಮಾತ್ರ ಮತ್ತೆ ಡಿಸ್ಪೆನ್ಸರಿಯ ಮೆಟ್ಟಿಲು ಹತ್ತಲಿಲ್ಲ. ಜ್ವರ ಬಂದರೆ ಹೆಂಡತಿಯನ್ನು ಕಳಿಸಿ ಔಷಧಿ ತರಿಸಿಕೊಳ್ಳುತ್ತಿದ್ದ. ನಾನು ಎಸ್ಟೇಟ್ ಬಿಡುವವರೆಗೂ ಹಾಗೆಯೇ ನಡೆಯಿತು.

ದೇವರು ಕೊಟ್ಟ ವಿದ್ಯೆ ನನ್ನ ಸ್ವತ್ತು, ಬಳಸುವುದೂ ಬಿಡುವುದೂ ನನ್ನ ಇಷ್ಟ ಎಂದು ನಾನು ತಿಳಿದಿದ್ದೆ. ಆ ಬೆಂಚಿನ ಮೇಲೆ ಮೂರು ದಿನ ಮಲಗಿದ್ದವನಿಗೆ ಕೊಡಲೆಂದು ದೇವರು ಅದನ್ನು ನನ್ನ ಕೈಯಲ್ಲಿ ಇಟ್ಟಿದ್ದ. ಕೆಂಚಪ್ಪನಿಗೆ ಸೇರಬೇಕಾದದ್ದನ್ನು ನಾನು ಅವನಿಗೆ ಕೊಡಲಿಲ್ಲ.