ಊಟದ ಹೊತ್ತಿನ ಪ್ರಶ್ನೆಗಳು

ಪ್ರಯೋಗಾಲಯದಲ್ಲಿ ಆಕೆಯನ್ನು ಎಲ್ಲರೂ ‘ಕೋಶದಕ್ಕ’ ಎಂದೇ ಕರೆಯುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಬೆಳೆಸುವುದು, ಅವುಗಳ ಮೇಲೆ ಔಷಧ ಹನಿಸಿ ಅವು ಸಾಯುವುದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಆಕೆಯ ಕೆಲಸ. “ಸಾಕೋಳೂ ನೀನೇ, ಕೊಲ್ಲೋಳೂ ನೀನೇ,” ಎಂದು ಜೊತೆಯವರು ರೇಗಿಸುತ್ತಿದ್ದರು.

ಗಂಡನದು ಕಾರು ಓಡಿಸುವುದನ್ನು ಕಲಿಸುವ ಕೆಲಸ. ಮಗಳು ಬೆಳೆದು ಕೆಲಸಕ್ಕೆ ಸೇರುವಷ್ಟು ವರ್ಷಗಳಾದರೂ ಹೆಂಡತಿಯ ಕೆಲಸದ ಮಾತಿಗೆ ಅವನು ಕಿವಿಗೊಟ್ಟವನಲ್ಲ. “ಊಟ ಮಾಡೋವಾಗ ಕ್ಯಾನ್ಸರ್ ಸುದ್ದಿ ತೆಗೀಬೇಡ” ಎನ್ನುತ್ತಿದ್ದ. ಅಂಥವನು ಒಂದು ದಿನ ತಾನಾಗಿಯೇ ಕೇಳಿದ.

“ಆ ಔಷಧಿ ಕೋಶಾನ ಹೇಗೆ ಕೊಲ್ಲುತ್ತೆ?”

ಆಕೆಗೆ ಹಿಗ್ಗೋ ಹಿಗ್ಗು. “ಕೋಶದೊಳಗೆ ಡಿಎನ್‌ಎ ಅನ್ನೋ ಎಳೆ ಇರುತ್ತಲ್ಲ, ಅದು ಆಗಾಗ ಹರೀತಾನೇ ಇರುತ್ತೆ. ಅದನ್ನ ಹೊಲಿಯೋಕೆ ಒಂದು ಕಿಣ್ವ ಇದೆ. ಔಷಧಿ ಹೋಗಿ ಅದರ ಕೈ ಕಟ್ಟಿಹಾಕುತ್ತೆ.”

“ಹಾಗಾದ್ರೆ ಒಳ್ಳೆ ಕೋಶಾನೂ ಸಾಯುತ್ತಲ್ಲ?”

“ಅದಕ್ಕೆ ಹೊಲಿಯೋ ದಾರಿ ಇನ್ನೊಂದಿದೆ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಆ ದಾರಿ ಮೊದಲೇ ಕೆಟ್ಟಿರುತ್ತೆ. ಹರಿದದ್ದು ಹಾಗೇ ಉಳಿದು, ಕೊನೆಗೆ ಕೋಶ ತನ್ನನ್ನ ತಾನೇ ಮುಗಿಸ್ಕೊಳ್ಳುತ್ತೆ.”

“ಎಲ್ಲಾನೂ ಸಾಯುತ್ತಾ?”

“ಇಲ್ಲ. ಕೆಲವು ಯಾವುದಕ್ಕೂ ಬಗ್ಗಲ್ಲ.”

ಅವನು ನೀರು ಕುಡಿದು ಎದ್ದುಹೋದ. ಆಮೇಲೂ ಹೀಗೇ ಕೇಳುತ್ತಲೇ ಇದ್ದ. “ನಮ್ಮನೆಯವರಿಗೂ ನನ್ನ ಕೆಲಸದ ರುಚಿ ಹತ್ತಿದೆ,” ಎಂದು ಆಕೆ ಜೊತೆಯವರ ಮುಂದೆ ಬೀಗಿದಳು.

ಆಸ್ಪತ್ರೆಯಿಂದ ಪ್ರಯೋಗಾಲಯಕ್ಕೆ ಕ್ಯಾನ್ಸರ್ ಗೆಡ್ಡೆಯ ಚೂರುಗಳನ್ನು ತರುವವನು ರಜೆ ಹಾಕಿದ ದಿನ, ತಣ್ಣನೆಯ ಡಬ್ಬಿ ಹಿಡಿದು ಆಕೆಯೇ ಹೋದಳು. ಕ್ಯಾನ್ಸರ್ ವಿಭಾಗದ ಬೆಂಚಿನ ಮೇಲೆ ಗಂಡ ಕೂತಿದ್ದ. ಪಕ್ಕದಲ್ಲಿ ಅವನ ಅಕ್ಕ, ತಮ್ಮನ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು.

“ನೀನಿಲ್ಲಿ…” ಎಂದಳು ಅತ್ತಿಗೆ.

“ನಾನು ಕೆಲಸಕ್ಕೆ ಬಂದೆ. ನೀವು?”

ಗಂಡ ತಲೆ ತಗ್ಗಿಸಿದ. “ಪ್ರಾಸ್ಟೇಟ್‌ದು. ಮೂಳೆಗೂ ಇಳಿದಿದೆ. ನೀನು ಹೇಳ್ತಿದ್ಯಲ್ಲ, ಅಂಥದ್ದೇ ಮಾತ್ರೆ ಕೊಟ್ಟಿದಾರೆ.”

“ಯಾವಾಗಿಂದ?”

“ಹೋದ ಬೇಸಿಗೆಯಿಂದ,” ಎಂದಳು ಅತ್ತಿಗೆ.

ಅವನು ಸುಸ್ತು ಎಂದಾಗಲೆಲ್ಲ ದಿನವಿಡೀ ಕಾರಿನಲ್ಲಿ ಕೂತದ್ದಕ್ಕೆ ಎಂದುಕೊಂಡಿದ್ದಳು. ಮುಖ ಬಿಳಿಚಿಕೊಂಡದ್ದೂ ಕಣ್ಣಿಗೆ ಬಿದ್ದಿತ್ತು.

“ಅವರಿಗೆ ಹೇಳಿದ್ರಿ. ನನಗೆ ಹೇಳಲಿಲ್ಲ. ನನ್ನ ಹತ್ರ ಬರೀ ಪಾಠ ಹೇಳಿಸ್ಕೊಂಡ್ರಿ.”

“ನಿನಗೆ ಗೊತ್ತಾಗಿದ್ರೆ ನನ್ನ ಸಮಾಧಾನ ಮಾಡೋಕೆ ನೀನು ಸುಳ್ಳು ಹೇಳ್ತಿದ್ದೆ. ಗೊತ್ತಿಲ್ಲದಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀಯ ಅಂತ…”

ಡಬ್ಬಿಯೊಳಗಿನ ಮಂಜುಗಡ್ಡೆ ಕರಗುವ ಮೊದಲು ಚೂರುಗಳು ಪ್ರಯೋಗಾಲಯ ಸೇರಬೇಕಿತ್ತು. ಆಕೆ ಅವನ್ನು ತುಂಬಿಸಿಕೊಂಡು ಹೋಗಿ ಕೊಟ್ಟು, ಅಲ್ಲಿನ ಮೆಟ್ಟಿಲ ಮೂಲೆಯಲ್ಲಿ ನಿಂತು ಅತ್ತಳು.

ಮಾತ್ರೆ ನಾಟಿತು. ಗೆಡ್ಡೆ ಕುಗ್ಗಿತು, ಮೂಳೆಯ ನೋವು ಇಳಿಯಿತು, ಅವನು ಮತ್ತೆ ಕಾರು ಕಲಿಸಲು ಹೊರಟ. ಬಂಧುಗಳೆಲ್ಲ ಆಕೆಯ ಅದೃಷ್ಟ ಹೊಗಳಿದರು. ಆಕೆಗೂ ಸಂತೋಷವಾಗಿತ್ತು, ಸುಳ್ಳಲ್ಲ. ಆದರೆ ಅತ್ತಿಗೆಗೆ ಮಾತ್ರ, “ಆಸ್ಪತ್ರೆಗೆ ಇನ್ನು ನೀವು ಬರೋದು ಬೇಡ. ನಾನಿದೀನಿ,” ಎಂದು ನೇರವಾಗಿ ಹೇಳಿದಳು.

ಮುಂದಿನ ತಪಾಸಣೆಗೆ ಕಾಯುತ್ತಿದ್ದಾಗ ಅವನು ಆಕೆಯ ಕೈ ಹಿಡಿದ. ಆಕೆ ಬಿಡಿಸಿಕೊಳ್ಳಲಿಲ್ಲ.

“ಇನ್ನೇನಾದ್ರೂ ಮುಚ್ಚಿಟ್ಟಿದೀರಾ?”

“ಏನೂ ಇಲ್ಲ.”

ನಂಬಬೇಕೆಂದು ಆಕೆಗೆ ತುಂಬ ಆಸೆಯಿತ್ತು. ಒಳಗೆ ಕರೆದಾಗ ಆಕೆಯೇ ಮೊದಲು ಎದ್ದು, ಅವನನ್ನು ಹಿಂದೆ ಬಿಟ್ಟು, ವೈದ್ಯರನ್ನು ತಾನೇ ಕೇಳಲು ನಡೆದಳು.