ಉಪ್ಪು ಹಾಕಿದ ಮಂಜುಗಡ್ಡೆಯಲ್ಲಿ ಎರಡು ಚೀಲ ರಕ್ತ

ಅಕ್ಕನಿಗೆಂದು ತಂದ ರಕ್ತವನ್ನು ಅಕ್ಕನಿಗೆ ಕೊಡಕೂಡದೆಂದು ಆಸ್ಪತ್ರೆಯಲ್ಲಿ ಜಗಳವಾಡಿದವಳು ನಾನು. ಆ ಜಗಳದ ಬಗ್ಗೆ ನನಗೆ ಇಂದಿಗೂ ಸಂಕೋಚವಿಲ್ಲ.

ಅಕ್ಕ ಕಾರ್ಕಳದ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದಳು. ಗರ್ಭಕೋಶದ ಗಡ್ಡೆಯಿಂದ ತಿಂಗಳುಗಟ್ಟಲೆ ರಕ್ತ ಹೋಗಿ ತುಟಿ ಬಿಳಚಿಕೊಂಡಿತ್ತು. ಸಂಜೆಯೊಳಗೆ ಎರಡು ಚೀಲ ರಕ್ತ ಏರಿಸಲೇಬೇಕೆಂದು ವೈದ್ಯರು ಹೇಳಿದ್ದರು. ರಕ್ತವಿದ್ದದ್ದು ಉಡುಪಿಯಲ್ಲಿ. ಆಂಬುಲೆನ್ಸ್ ಅಂಗಳದಲ್ಲೇ ನಿಂತಿದ್ದರೂ ಚೀಟಿಯನ್ನು ಭಾವನ ಕೈಗಿತ್ತು ಕಳುಹಿಸಿದರು. ರೋಗಿಯ ಕಡೆಯವರೇ ರಕ್ತ ಹೊತ್ತು ತರಬೇಕೆಂಬ ಈ ರೂಢಿಯೇ ಮೊದಲ ತಪ್ಪು. ರಕ್ತನಿಧಿಯವರು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇಟ್ಟು, ಮೇಲೆ ಇಂಗ್ಲಿಷಿನ ಸೂಚನೆ ಅಂಟಿಸಿ ಕೊಟ್ಟರು. ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಅದು ಎರಡನೆಯದು.

ಕಾಪುವಿನವರಾದ ಭಾವ ಮೂವತ್ತು ವರ್ಷ ದೋಣಿಯ ಮೀನನ್ನು ಮಂಜುಗಡ್ಡೆಯಲ್ಲಿ ತುಂಬಿ ದೂರದೂರಿಗೆ ಕಳುಹಿಸಿದವರು. ಬಿಸಿಲಿಗೆ ಹೆದರಿ, ಸುತ್ತಾದರೂ ಸರಿಯೆಂದು ಕಟಪಾಡಿಗೆ ಬಂದು, ಪರಿಚಯದ ಮೀನಿನಂಗಡಿಯೆದುರು ಸ್ಕೂಟರ್ ನಿಲ್ಲಿಸಿ, ಚೀಲಗಳ ಮೇಲೂ ಕೆಳಗೂ ಪುಡಿ ಮಂಜುಗಡ್ಡೆ ತುಂಬಿದರು. ತಂಪು ಹೆಚ್ಚಲೆಂದು ಅಂಜಲ್ ಮೀನಿಗೆ ಮಾಡುವಂತೆ ಕಲ್ಲುಪ್ಪನ್ನೂ ಉದುರಿಸಿದರು.

ಕಾರ್ಕಳದಲ್ಲಿ ಪೆಟ್ಟಿಗೆ ತೆರೆದ ನರ್ಸ್ ಮೂಗು ಮುಚ್ಚಿಕೊಂಡರು.

“ಇದೆಂತ ಅಣ್ಣ, ರಕ್ತ ತಂದದ್ದಾ, ಮೀನಾ?”

“ಮೀನು ತಂದಿದ್ರೆ ಇಷ್ಟು ಹೊತ್ತಿಗೆ ನೀವೇ ತೂಕ ಕೇಳ್ತಿದ್ರಿ,” ಎಂದರು ಭಾವ. “ನೋಡಿ, ಎಷ್ಟು ತಂಪು ಉಂಟು.”

ನರ್ಸ್ ಚೀಲ ಎತ್ತಿದರು. ಅಂಚುಗಳು ಮಂಜುಗಟ್ಟಿ ಗಟ್ಟಿಯಾಗಿದ್ದವು. ಅವರ ಮುಖದ ನಗು ಮಾಯವಾಯಿತು. ಮಂಜುಗಟ್ಟಿದರೆ ಕೆಂಪುಕಣಗಳು ಒಡೆಯುತ್ತವೆ, ಅಂಥ ರಕ್ತ ಮೂತ್ರಪಿಂಡವನ್ನೇ ಕೆಡಿಸಬಹುದು ಎಂದು ಮೆಲ್ಲಗೆ ವಿವರಿಸಿದರು.

ಅಷ್ಟರಲ್ಲಿ ಬಂದ ವ್ಯವಸ್ಥಾಪಕರು, “ಸ್ವಲ್ಪ ಹೊತ್ತು ಹೊರಗೆ ಇಟ್ರೆ ಕರಗ್ತದೆ, ಅಲ್ವಾ? ಬೇರೆ ತರ್ಲಿಕ್ಕೆ ಸಮಯ ಎಲ್ಲಿ ಉಂಟು?” ಎಂದರು.

“ಕರಗಿಸಿ ಹಾಕಬಹುದು ಅಂತ ಬರೆದು ಸಹಿ ಮಾಡಿ ಕೊಡಿ,” ಎಂದೆ.

“ನೀವೆಂತ ಡಾಕ್ಟರಾ?”

“ಅಲ್ಲ. ನೀವೂ ಅಲ್ಲ. ಒಳಗೆ ಮಲಗಿದವಳು ನನ್ನ ಅಕ್ಕ. ಆ ಆಂಬುಲೆನ್ಸಿನಲ್ಲಿ ನಿಮ್ಮ ಸಿಬ್ಬಂದಿಯನ್ನೇ ಕಳುಹಿಸಿ. ಅಲ್ಲಿಯವರೆಗೆ ನಾನು ಈ ಬಾಗಿಲು ಬಿಡುವುದಿಲ್ಲ.”

ಸಹಿ ಹಾಕಲು ಅವರ ಪೆನ್ನು ಮೇಲೇಳಲಿಲ್ಲ, ಆಂಬುಲೆನ್ಸ್ ಹೊರಟಿತು. ಕಾಯುತ್ತಾ ಕುಳಿತಾಗ ಮೂರನೆಯ ತಪ್ಪು ನೆನಪಾಯಿತು, ಅದು ನನ್ನದು. ಕಾಪುವಿನಲ್ಲಿ ಎಷ್ಟೋ ರಕ್ತದಾನ ಶಿಬಿರಗಳಲ್ಲಿ ‘ಕೊಡಿ, ಕೊಡಿ’ ಎಂದು ಭಾಷಣ ಮಾಡಿದ್ದೆ. ಕೊಟ್ಟದ್ದು ಯಾವ ತಂಪಿನಲ್ಲಿ, ಯಾರ ಕೈಯಲ್ಲಿ ಸಾಗುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ. ಆ ಎರಡು ಚೀಲಗಳೂ ಯಾರೋ ತೋಳು ಚಾಚಿ ಕೊಟ್ಟವು. ನಾವು ಅವನ್ನು ಕಸಕ್ಕೆ ಹಾಕಿದೆವು.

ಬಿಸಿಲು ಇಳಿಯುವ ಮೊದಲೇ ಬೇರೆ ರಕ್ತ ಬಂತು, ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಸಹಿತ. ಅಕ್ಕನ ತೋಳಿಗೆ ಮೊದಲ ಹನಿ ಇಳಿಯುವಾಗ ಭಾವ ನರ್ಸನ್ನು ಕೇಳಿದರು:

“ಎಷ್ಟು ತಂಪು ಇರ್ಬೇಕಿತ್ತು, ಸಿಸ್ಟರ್?”

“ಇಡ್ಲಿಕ್ಕೆ ಎರಡರಿಂದ ಆರು ಡಿಗ್ರಿ. ದಾರಿಯಲ್ಲಿ ಹತ್ತು ದಾಟಬಾರದು. ಐಸ್ ಚೀಲಕ್ಕೆ ತಾಗಲೇಬಾರದು.”

“ಇಷ್ಟೇಯಾ? ಇದನ್ನು ಹೊರಡುವಾಗ ಹೇಳ್ಲಿಕ್ಕೆ ಎಂತ ಕಷ್ಟ ಇತ್ತು?”

ಉತ್ತರಿಸಬೇಕಾದವರು ಆ ನರ್ಸ್ ಅಲ್ಲ. ಉತ್ತರಿಸಬೇಕಾದ ರಕ್ತನಿಧಿ, ಆಸ್ಪತ್ರೆಗಳ ಅಧಿಕಾರಿಗಳ ಮೇಜಿನೆದುರು ಅಂದಿನಿಂದ ನಾನು ಆ ಪ್ರಶ್ನೆಯನ್ನು ಭಾವನ ಮಾತಿನಲ್ಲೇ ಇಡುತ್ತಾ ಬಂದಿದ್ದೇನೆ. ಮಣಿಪಾಲದ ಒಂದು ಸಭೆಯಲ್ಲಿ ನನ್ನ ಮೈಕ್ ಆರಿಸಿದರು. ಮೈಕ್ ಇಲ್ಲದೆಯೂ ಕೇಳುವಷ್ಟು ಗಂಟಲು ನನಗಿದೆ.